ಓಗೊಡದ ಮನೆ

ಬೆಳಿಗ್ಗೆ ಎಂಟಕ್ಕೆ ನಾನು ಮತ್ತು ಪಕ್ಕದ ಮನೆಯ ಗಂಗವ್ವ ಗದಗಿನಲ್ಲಿ ಮುಂಡರಗಿ ಬಸ್ಸು ಹತ್ತಿದೆವು. ಕಂಡಕ್ಟರ್ ಆಧಾರ್ ನೋಡಿ ಇಬ್ಬರಿಗೂ ಪುಕ್ಕಟೆ ಟಿಕೆಟ್ ಕೊಟ್ಟ. ಬೆಟಗೇರಿಯಲ್ಲಿ ಸೀರೆ ನೇಯುವ ಗಂಗವ್ವನಿಗೆ ಹೋದ ವರ್ಷ ಗಂಟಲಿನ ಆಪರೇಶನ್ ಆಗಿ ದನಿ ಪೂರ್ತಿ ಹೋಗಿದೆ. ಈಗ ಮಾತೆಲ್ಲ ಸ್ಲೇಟಿನ ಮೇಲೆ.

ಹೊರಟಿದ್ದು ಆಕೆಯ ತವರೂರಿಗೆ. ಬಾವಿ ಬತ್ತಿ ಮಂದಿ ಎದ್ದು ಹೋದ ಊರು. ಸರ್ಕಾರದ ಕಾಗದದಲ್ಲಿ ಅಲ್ಲಿ ಯಾರೂ ಇಲ್ಲ. ಆದರೂ ವರ್ಷಕ್ಕೊಮ್ಮೆ ಹಳೆಯ ಮಂದಿ ಊರಬಾಗಿಲು ಅಗಸಿಯಲ್ಲಿ ಕೂಡುತ್ತಾರೆ. ಹಿರಿಯರು ಒಂದೊಂದೇ ಮನೆಯ ಹೆಸರು ಕೂಗುತ್ತಾರೆ, ಇದ್ದೇನೆಂದು ತಿಳಿಸಲು ಮನೆಯವರು ‘ಅದೀನಿ’ ಎನ್ನಬೇಕು. ಮೂರು ವರ್ಷ ಓಗೊಡದ ಮನೆಯ ಒಲೆಗುಂಡು ಕಿತ್ತು ಹಳ್ಳಕ್ಕೆ ಎಸೆಯುತ್ತಾರೆ. ಅಲ್ಲಿಗೆ ಆ ಮನೆ ಮುಗಿಯಿತು. ಗಂಗವ್ವನ ತವರಿನಲ್ಲಿ ಉಳಿದವಳು ಆಕೆಯೊಬ್ಬಳೇ. ಆಸ್ಪತ್ರೆ ತಿರುಗಾಟದಲ್ಲಿ ಎರಡು ವರ್ಷ ತಪ್ಪಿತ್ತು, ಇದು ಮೂರನೆಯದು.

ಮುಂಡರಗಿಯಲ್ಲಿ ಗಿರ್ಮಿಟ್ ತಿಂದು ಆಟೋ ಹಿಡಿದೆವು. ಸುಡು ಬಿಸಿಲು, ಗಾಳಿಯ ಸುಳಿವಿಲ್ಲ. ಅಗಸಿಯಲ್ಲಿ ಇಪ್ಪತ್ತು ಮಂದಿ ಇದ್ದರು.

“ಆಕಿ ಬದಲಿ ನಾ ಅಂತೀನ್ರಿ,” ಎಂದೆ ಹಿರಿಯ ಬಸಣ್ಣನವರಿಗೆ.

“ನೀವು ಪರ ಊರಾವ್ರು ಅಕ್ಕೋರ. ಮನಿ ದನೀನ ಬೇಕು.”

“ಆಕಿ ಕಣ್ಣ ಮುಂದ ನಿಂತಾಳಲ್ರಿ, ಕಾಣಂಗಿಲ್ಲೇನು?” ಸಿಟ್ಟು ನೆತ್ತಿಗೇರಿತ್ತು. ರಾಜ್ಯವೆಂದರೆ ಜನ, ನೆಲ, ಸರ್ಕಾರ, ಪರಮಾಧಿಕಾರ ಎಂದು ಮೂವತ್ತು ವರ್ಷ ಶಾಲೆಯಲ್ಲಿ ಪೌರನೀತಿ ಕಲಿಸಿದವಳು ನಾನು. ಇಲ್ಲಿ ನಾಲ್ಕರಲ್ಲಿ ಒಂದೂ ನೆಟ್ಟಗಿಲ್ಲ, ಕಾಯಿದೆ ಮಾತ್ರ ಗಟ್ಟಿ!

“ನಮಗ ಕಾಗದಿಲ್ಲ, ಪತ್ರಿಲ್ಲ. ದನಿ ಒಂದ ಉಳದೈತಿ. ಅದನ್ನೂ ಬಿಟ್ರ ಊರು ಎಲ್ಲೈತ್ರಿ?”

ನಾನು ಗಂಗವ್ವನ ಪಕ್ಕ ಹೋಗಿ ನಿಂತೆ.

“ಈರಪ್ಪನ ಮನೀ!” ಬಸಣ್ಣ ಗಂಗವ್ವನ ಅಪ್ಪನ ಹೆಸರು ಕೂಗಿದರು. ಆಕೆ ಬಾಯಿ ತೆರೆದಳು, ಬರೀ ಉಸಿರು ಬಂತು. ಎರಡನೇ ಕೂಗಿಗೂ ಅಷ್ಟೇ. ಮೂರನೆಯದಕ್ಕೆ, ಬಿದ್ದ ಗೋಡೆಗಳ ಆಚೆಯಿಂದ ಸ್ಪಷ್ಟವಾಗಿ ಕೇಳಿಸಿತು: “ಅದೀನಿ.”

ಎಲ್ಲರೂ ಆ ಕಡೆ ತಿರುಗಿದರು. ಆ ದನಿ ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ನಮ್ಮ ಹಿತ್ತಲಗೋಡೆಯ ಆಚೆಯಿಂದ “ಅಕ್ಕೋರ, ಚಾ ಆತೇನ್ರಿ?” ಎಂದು ಕೇಳುತ್ತಿದ್ದ ದನಿ ಅದು.

ಬಸಣ್ಣ ಬೆವರು ಒರೆಸಿಕೊಂಡು, “ಆತು,” ಎಂದವರೇ ಮುಂದಿನ ಮನೆ ಕೂಗಿದರು.

ನಾವಿಬ್ಬರೂ ಗೋಡೆಯಾಚೆ ಹೋಗಿ ನೋಡಿದೆವು. ಈರಪ್ಪನ ಮನೆಯಿದ್ದ ಜಾಗದಲ್ಲಿ ಒಂದು ಜಾಲಿಗಿಡ, ಮೂರು ಒಲೆಗುಂಡು. ಮುಟ್ಟಿದರೆ ಬಿಸಿ. ಬಿಸಿಲಿಗೇ ಇರಬೇಕು ಎಂದುಕೊಂಡೆ.

ಸಂಜೆ ಬಸ್ಸಿನಲ್ಲಿ ಮತ್ತೆ ಆಧಾರ್ ತೋರಿಸಿದೆವು. ಗಂಗವ್ವ ಬಂದ ದಾರಿಯ ಕಡೆಗೇ ತಿರುಗಿ ಕುಳಿತಿದ್ದಳು.

“ಹೆದರಿಕಿ ಆತೇನವಾ?”

ಇಲ್ಲವೆಂದು ತಲೆಯಾಡಿಸಿ, ಬರೆದು, ಸ್ಲೇಟನ್ನು ನನ್ನತ್ತ ತಿರುಗಿಸಿದಳು:

“ನನ್ನ ದನಿ ನನಗಿಂತ ಮೊದಲ ಮನಿ ಮುಟ್ಟೈತ್ರಿ.”