ಟವೆಲಿನಡಿಯ ಕೈ

ದನದ ವ್ಯಾಪಾರದಲ್ಲಿ ಬಾಯಿಗೆ ಕೆಲಸ ಕಡಿಮೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಯಾವ ಸಂತೆಗೆ ಹೋದರೂ ನಾವು ದಲ್ಲಾಳಿಗಳು ಹೆಗಲ ಮೇಲಿನ ಟವೆಲನ್ನು ಎದುರಿನವನ ಕೈ ಮೇಲೆ ಹಾಕಿ, ಅದರಡಿ ಬೆರಳು ಹಿಡಿದು ಬೆಲೆ ಹೇಳುತ್ತಿದ್ದೆವು. ಸುತ್ತ ನಿಂತವರಿಗೆ ಏನೂ ತಿಳಿಯದು. ಎದುರಿನವನ ಬೆರಳು ಒಂಚೂರು ಬಿಗಿಯಾಯಿತೋ, ಅವನಿಗೆ ಎತ್ತು ಬೇಕಾಗಿದೆ ಅಂತಲೇ ಅರ್ಥ. ಆಗ ಬೆಲೆಯನ್ನು ಇನ್ನೊಂದಿಷ್ಟು ಎಳೆಯಬೇಕು. ಬರಿಗೈಯಲ್ಲಿ ಶುರು ಮಾಡಿದವನು ನಾನು. ಮನೆ ಕಟ್ಟಿದ್ದು, ಹೊಲ ತೆಗೆದುಕೊಂಡದ್ದು ಎಲ್ಲ ಈ ಎಳೆದಾಟದಿಂದಲೇ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷಕ್ಕೆ ನನ್ನ ಹೆಂಡತಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದವು, ಮಾತು ತೊದಲಿತು. ಮೈಸೂರಿನ ಡಾಕ್ಟರ ಮಾತ್ರೆಯಲ್ಲಿ ಕಾಲು ಗೋಡೆ ಹಿಡಿದು ನಡೆಯುವಷ್ಟು ಬಂತು. ಕೈ ಬರಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ, ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳುವುದು. ನಾನು ಹೆಣೆದರೆ, "ಎತ್ಗೆ ಮೂಗ್ದಾರ ಕಟ್ದಂಗ್ ಕಟ್ತೀರಿ" ಅಂತ ಸೊಟ್ಟ ಬಾಯಲ್ಲೇ ನಗುತ್ತಿದ್ದಳು. ನಕ್ಕು ಆ ಕಡೆ ತಿರುಗಿಕೊಳ್ಳುತ್ತಿದ್ದಳು.

ನನ್ನ ಭಾಮೈದ ಬೀಚನಹಳ್ಳಿ ಹತ್ತಿರದ ರೆಸಾರ್ಟಿನಲ್ಲಿ ಅಡುಗೆಗಿದ್ದ. ಅಲ್ಲಿ ಅತಿಥಿಗಳಿಗೆ ಯೋಗ ಹೇಳಿಕೊಡುತ್ತಿದ್ದ ಕೇರಳದ ಟೀಚರೊಬ್ಬರನ್ನು ಅವರ ರಜೆಯ ದಿನ ಮನೆಗೆ ಕರೆತಂದ. ತಲೆ ಕೆಳಗೆ ಕಾಲು ಮೇಲೆ ಮಾಡುವ ಯೋಗವಲ್ಲ ಅವರದು. ದಿಂಬು, ಮಡಚಿದ ಕಂಬಳಿಯ ಆಸರೆ ಕೊಟ್ಟು ಮೈಯನ್ನು ಒಂದು ಭಂಗಿಯಲ್ಲಿಟ್ಟು ಮೂರು ನಾಲ್ಕು ನಿಮಿಷ ಸುಮ್ಮನೆ ಬಿಡುವುದು. ಅದರಲ್ಲಿ ಚೀನಾದ ವೈದ್ಯವೂ ಬೆರೆತಿದೆಯಂತೆ. ಚೀನಾದವರ ಪ್ರಕಾರ ಮೈಯೊಳಗೆ ಚೀ ಎಂಬ ಶಕ್ತಿ ಹರಿಯುತ್ತದಂತೆ, ನಾವು ಪ್ರಾಣ ಅನ್ನುವ ಹಾಗೆ. ಅದಕ್ಕೆ ದಾರಿಗಳಿವೆಯಂತೆ. ಹೃದಯದ ದಾರಿ ಕಂಕುಳಿನಿಂದ ಹೊರಟು ತೋಳಿನ ಒಳಮಗ್ಗುಲಲ್ಲಿ ಇಳಿದು ಕಿರುಬೆರಳ ತುದಿಯಲ್ಲಿ ಮುಗಿಯುತ್ತದೆ ಎಂದು ಟೀಚರು ನನ್ನ ಹೆಂಡತಿಯ ತೋಳಿನ ಮೇಲೆ ಗೆರೆ ಎಳೆದು ತೋರಿಸಿದರು. ನನಗೆ ತಕ್ಷಣ ಅರ್ಥವಾಯಿತು, ಅಂದರೆ ಅರ್ಥವಾಯಿತು ಅಂದುಕೊಂಡೆ. ನಾಲೆಯ ಕೊನೇ ಗದ್ದೆಗೆ ನೀರು ಬರದಿದ್ದರೆ ನಾವೇನು ಮಾಡುತ್ತೇವೆ? ಹಾರೆ ತೆಗೆದುಕೊಂಡು ಹೋಗಿ ಕಟ್ಟಿಕೊಂಡಿದ್ದನ್ನು ಕೆದಕುತ್ತೇವೆ.

"ಎಷ್ಟು ತಿಂಗ್ಳಿಗೆ ಎದ್ದೀತು ಕೈ? ಒಂದ್ ಮಾತು ಹೇಳ್ಬುಡಿ ತಾಯಿ," ಅಂದೆ.

"ಅದು ಹೇಳೋಕಾಗಲ್ಲ ಅಣ್ಣ. ಏಳ್ತದೆ ಅಂತಾನೂ ಹೇಳಲ್ಲ. ಬಿಗಿ ಸ್ವಲ್ಪ ಕಮ್ಮಿ ಆಗ್ಬೋದು. ಎಲ್ಲಿ ತಡೀತದೋ ಅಲ್ಲೇ ನಿಲ್ಸಿ. ಎಳೀಬೇಡಿ."

ಆರು ತಿಂಗಳು ಅಂದೆ, ವರ್ಷ ಅಂದೆ. ಯಾವುದಕ್ಕೂ ಅವರು ಹೂಂ ಅನ್ನಲಿಲ್ಲ. ಬೆಲೆಯನ್ನೇ ಹೇಳದವರ ಜೊತೆ ವ್ಯಾಪಾರ ಮಾಡಿ ನನಗೆ ಗೊತ್ತಿರಲಿಲ್ಲ.

ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಅವಳನ್ನು ಜಗಲಿಯಲ್ಲಿ ಮಲಗಿಸಿ, ತೋಳಿನಡಿ ದಿಂಬಿಟ್ಟು, ಬಿಸಿಲು ಬೀಳುತ್ತದೆಂದು ಕೈ ಮೇಲೆ ನನ್ನ ಟವೆಲ್ ಹೊದಿಸುತ್ತಿದ್ದೆ. ಅದರಡಿ ಅವಳ ಬೆರಳು ಹಿಡಿದು ಕೂರುತ್ತಿದ್ದೆ. ಎಂಟು ಹತ್ತು ದಿನಕ್ಕೆ ಆ ಬೆರಳುಗಳು ನನ್ನ ಬೆರಳನ್ನು ಅವುಚಿಕೊಂಡವು. ದಿನದಿಂದ ದಿನಕ್ಕೆ ಹೆಚ್ಚು ಬಿಗಿ. ಸಂತೆಯಲ್ಲಿ ಮೂವತ್ತು ವರ್ಷ ಇದೇ ಬಿಗಿಯನ್ನು ನಂಬಿ ಬದುಕಿದವನು ನಾನು. ವ್ಯವಹಾರ ಕುದುರುವ ಹತ್ತಿರ ಬಂದಿದೆ ಎಂದೇ ತಿಳಿದೆ. ದಿನಕ್ಕೆ ಒಂದು ಎಳೆಯಷ್ಟು ಹೆಚ್ಚಿಗೆ ಎಳೆದೆ. ಅವಳು ಮುಖ ಕಿವುಚಿದರೆ, ಇನ್ನೊಂಚೂರು ತಡ್ಕೊ ಅನ್ನುತ್ತಿದ್ದೆ. ಒಂದು ಬೆಳಿಗ್ಗೆ ಹೆಗಲಲ್ಲಿ ಏನೋ ಕಳಕ್ ಅಂದಿತು.

ಅವಳು ನನ್ನನ್ನೇ ನೋಡಿದಳು. ಸಂಜೆಗೆ ಹೆಗಲು ಊದಿತು. ಕೀಲು ಜಾರಿದೆ ಎಂದು ಡಾಕ್ಟರು ಕೈಯನ್ನು ಕುತ್ತಿಗೆಗೆ ಕಟ್ಟಿ ಕಳಿಸಿದರು. ಸುದ್ದಿ ಕೇಳಿ ಮುಂದಿನ ವಾರ ಮತ್ತೆ ಬಂದ ಟೀಚರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬೆರಳು ಬಿಗಿಯಾದದ್ದು ಬಲ ಬಂದು ಅಲ್ಲವಂತೆ. ಲಕ್ವ ಹೊಡೆದ ಕೈ ತಾನಾಗಿಯೇ ಹಾಗೆ ಮುದುಡಿಕೊಳ್ಳುತ್ತದೆ, ಜಗ್ಗಿದರೆ ಇನ್ನೂ ಮುದುಡುತ್ತದೆ ಎಂದರು.

ಹೆಗಲು ವಾಸಿಯಾಯಿತು. ಆದರೆ ನಾನು ಟವೆಲ್ ಕೈಗೆತ್ತಿಕೊಂಡರೆ ಸಾಕು, ಅವಳು ಬಲಗೈಯಿಂದ ಎಡಗೈಯನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು.

"ಬುಡಿ. ಬ್ಯಾಡ."

ಸಂತೆಯಲ್ಲಿ ಹೀಗೆ ಹೇಳಿ ಎದ್ದುಹೋದ ಎಷ್ಟೋ ಜನರನ್ನು ಟೀ ಅಂಗಡಿಯಿಂದ ವಾಪಸು ಕರೆತಂದಿದ್ದೇನೆ. ಇವಳ ಮುಂದೆ ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡೆ. ಮನೆಯಲ್ಲಿ ಇಂಥ ಕಾಯಿಲೆಯವರು ಇದ್ದರೆ ಕೇಳಿಸಿಕೊಳ್ಳಿ: ಬಿದ್ದ ಕೈ ಹಿಡಿದು ಎಬ್ಬಿಸಬೇಡಿ, ಕಲಿತವರು ಹೇಳಿದ್ದನ್ನು ಹೇಳಿದಷ್ಟೇ ಮಾಡಿ. ಈ ಬುದ್ಧಿ ನನಗೆ ಬಂದದ್ದು ಅವಳ ಹೆಗಲಿನ ಖರ್ಚಿನಲ್ಲಿ.

ಕೊನೆಗೆ ಟೀಚರು ನನಗೇ ಒಂದು ಭಂಗಿ ಕೊಟ್ಟರು. ಅವಳ ಪಕ್ಕ ಕೂತು ಅಂಗೈ ಬಿಚ್ಚಿ ದಿಂಬಿನ ಮೇಲಿಡುವುದು. ಹಿಡಿಯುವಂತಿಲ್ಲ, ಕೇಳುವಂತಿಲ್ಲ. ಆ ನಾಲ್ಕು ನಿಮಿಷದಷ್ಟು ಉದ್ದದ ಹೊತ್ತನ್ನು ನಾನು ಯಾವ ಸಂತೆಯಲ್ಲೂ ಕಾಣಲಿಲ್ಲ. ಹದಿನೈದು ದಿನ ಸೆರಗಿನೊಳಗಿನ ಕೈ ಹೊರಗೆ ಬರಲಿಲ್ಲ. ಆಮೇಲೊಂದು ಬೆಳಿಗ್ಗೆ ಬಲಗೈಯಲ್ಲಿ ಅದನ್ನು ಎತ್ತಿ ತಂದು, ಹೊರೆ ಇಳಿಸುವ ಹಾಗೆ, ನನ್ನ ಅಂಗೈ ಮೇಲೆ ಇಟ್ಟಳು.

"ಅಂಗೇ ಇರಿ," ಅಂದಳು.

ಹಾಗೇ ಇದ್ದೆ. ಕಿರುಬೆರಳು ಬಿಗಿಯಾಯಿತು. ಅದಕ್ಕೆ ಅರ್ಥ ಹುಡುಕಲಿಲ್ಲ.

ಆ ಕೈ ತಲೆಯವರೆಗೆ ಯಾವತ್ತೂ ಏಳಲಿಲ್ಲ. ಜಡೆ ಈಗಲೂ ನಾನೇ ಹೆಣೆಯುತ್ತೇನೆ, ಅವಳಿಗೆ ಹಿಡಿಸದ ಆ ಮೂಗುದಾರದ ಗಂಟಿನಲ್ಲೇ.