ಆರು ಮೊಲ, ಹತ್ತೊಂಬತ್ತು ಪ್ರಬಂಧ ಮತ್ತು ಬರ್ನಡೆಟ್ ಮೇಡಂ

ಅಮೆರಿಕದ ಕ್ಲೀವ್‌ಲೆಂಡಿನ ಆಸ್ಪತ್ರೆಯೊಂದರ ಮೂಳೆ ವಿಭಾಗಕ್ಕೆ ಎಮೆಟ್ ಟಾಲಿವರ್ ಕಾಲಿಟ್ಟ ಮೊದಲ ದಿನ, ದಪ್ಪ ಕನ್ನಡಕದ ಹಿರಿಯ ಮಹಿಳೆಯೊಬ್ಬರು ಒಳಗೆ ಬಂದರು. ಕೂತಿದ್ದ ನಾಲ್ವರು ಶಸ್ತ್ರವೈದ್ಯರು ಥಟ್ಟನೆ ಎದ್ದು ನಿಂತರು. ಇವರೇ ವಿಭಾಗದ ಮುಖ್ಯಸ್ಥೆ ಎಂದುಕೊಂಡ ಎಮೆಟ್, ಮೊಲದ ತೊಡೆಮೂಳೆ ಮುರಿದರೆ ಹೇಗೆ ಕೂಡುತ್ತದೆಂದು ಇಪ್ಪತ್ತು ನಿಮಿಷ ಉಸಿರು ಬಿಡದೆ ವಿವರಿಸಿದ. ಅವರು ಡಬ್ಬಿಯಲ್ಲಿದ್ದ ಪಿರೋಗಿ ಕಡುಬು ತಿನ್ನುತ್ತಾ ಪೂರ್ತಿ ಕೇಳಿಸಿಕೊಂಡರು.

"ಚೆನ್ನಾಗ್ ಹೇಳ್ದೆ ಮರಿ. ಮುಖ್ಯಸ್ಥರು ಒಳಗಿದ್ದಾರೆ, ಹೋಗಿ ಇನ್ನೊಂದ್ಸಲ ಹೇಳು. ನಾನು ಅರ್ಜಿ ಜೋಡ್ಸೋಳು."

ಬರ್ನಡೆಟ್ ಕೊಸಾರ್ ಓದಿದ್ದು ಹೈಸ್ಕೂಲು. ಮೂವತ್ತೊಂದು ವರ್ಷದಿಂದ ಅದೇ ಮೇಜು. ಕ್ರಿಸ್‌ಮಸ್ ದಿನ ಯಾರಿಗೆ ಡ್ಯೂಟಿ ಎಂಬ ಪಟ್ಟಿ ಬರೆಯುವವರು ಅವರೇ ಆದ್ದರಿಂದ, ಎಂಥ ಡಾಕ್ಟರಿಗೂ ಅವರನ್ನು ಕಂಡರೆ ಮೊಣಕಾಲು ತಾನಾಗಿ ನೆಟ್ಟಗಾಗುತ್ತಿತ್ತು. ಅವರ ಬಲ ಮೊಣಕಾಲು ಮಾತ್ರ ಸವೆದುಹೋಗಿ, ಗುರುವಾರದ ಚೆಂಡುರುಳಿಸುವ ಬೌಲಿಂಗ್ ಆಟ ನಿಂತಿತ್ತು. ಇಲ್ಲೇ ಆಪರೇಷನ್ ಮಾಡಿಸಿಕೊಳ್ಳಬಾರದೇ ಎಂದು ಎಮೆಟ್ ಕೇಳಿದರೆ, "ಇವ್ರೆಲ್ಲ ಇಲ್ಲಿ ಸೇರೋಕೆ ಹಾಕಿದ್ದ ಅರ್ಜಿ ಓದಿದ್ದೀನಲ್ಲಪ್ಪ!" ಎಂದರು.

ಅಂಥದೊಂದು ಅರ್ಜಿಯನ್ನು ಎಮೆಟ್ ಎರಡನೆಯ ಸಲ ಹಾಕಬೇಕಿತ್ತು. ವೈದ್ಯಕೀಯ ಓದು ಮುಗಿಸಿ ಮೂಳೆ ತಜ್ಞರಾಗಲು ಐದು ವರ್ಷದ ತರಬೇತಿ ಬಯಸುವವರು ತಮಗೆ ಬೇಕಾದ ಆಸ್ಪತ್ರೆಗಳನ್ನೂ ಆಸ್ಪತ್ರೆಗಳು ತಮಗೆ ಬೇಕಾದವರನ್ನೂ ಕ್ರಮವಾಗಿ ಬರೆದುಕೊಡುತ್ತಾರೆ. ಕಂಪ್ಯೂಟರು ಸಂಬಂಧ ಕುದುರಿಸುತ್ತದೆ. ಹಿಂದಿನ ಸಲ ಎಮೆಟ್ ಯಾರೂ ಒಪ್ಪದ ವರ. ಸಂಶೋಧನೆಯ ಪದವಿಯೊಂದನ್ನು ಸೇರಿಸಿಕೊಂಡರೆ ಅರ್ಜಿಗೆ ತೂಕ ಬರುತ್ತದೆಂದು ಯಾರೋ ಹೇಳಿದರು. ಹಾಗಾಗಿ ಎರಡು ವರ್ಷದ ಪದವಿ, ಹೊಟ್ಟೆಪಾಡಿಗೆ ಈ ವಿಭಾಗದ ಲ್ಯಾಬಿನಲ್ಲೇ ಗಂಟೆ ಲೆಕ್ಕದ ಕೂಲಿ. ಡಾಕ್ಟರನಾಗಿ ಅವನು ದಿನವೂ ನೋಡುತ್ತಿದ್ದ ರೋಗಿಗಳೆಂದರೆ ಆರು ಮೊಲ. ಈ ಸಲವೂ ತಪ್ಪಿದರೆ ಮೂಳೆಯ ಆಸೆಯನ್ನೇ ಬಿಡುವುದೆಂದು ತನಗೆ ತಾನೇ ಗಡುವು ಹಾಕಿಕೊಂಡಿದ್ದ.

ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಿ ಬರ್ನಡೆಟ್ ಎದುರು ಎದೆಯುಬ್ಬಿಸಿ ನಿಂತ.

"ಹತ್ತೊಂಬತ್ತು ಪ್ರಬಂಧ, ಬರ್ನಿ ಮೇಡಂ!"

ಅವರು ಪಟ್ಟಿಯ ಮೇಲೆ ಬೆರಳಾಡಿಸಿದರು. ಎಡಗಾಲಿನ ಬಗ್ಗೆ ಒಂದು, ಬಲಗಾಲಿನ ಬಗ್ಗೆ ಒಂದು, ಎರಡೂ ಕಾಲಿನ ಬಗ್ಗೆ ಮತ್ತೊಂದು. ಅದನ್ನೇ ಷಿಕಾಗೊದ ಸಮ್ಮೇಳನದಲ್ಲಿ ಪೋಸ್ಟರ್ ಮಾಡಿ ಗೋಡೆಗೆ ಅಂಟಿಸಿದ್ದು ಇನ್ನೊಂದು.

"ಎಲ್ಲಾ ಅವೇ ಆರು ಮೊಲಾನೇನೋ?"

"ಹೌದು ಮೇಡಂ."

"ಹಂಗಾದ್ರೆ ಸೀಟು ಮೊಲಗಳಿಗೇ ಕೊಡ್ಬೇಕು. ದುಡಿದಿರೋದು ಅವು."

"ನನ್ನ ಅರ್ಜಿ ಒಂಚೂರು ಮೇಲಕ್ಕೆ..."

"ನಮ್ಮಕ್ಕನ ಮಗಂದೇ ಇಟ್ಟಿಲ್ಲ. ನಡಿ, ಪ್ರಿಂಟರ್‌ಗೆ ಕಾಗದ ಹಾಕು."

ಕಾಗದ ಹಾಕುವುದು, ಪ್ರೊಫೆಸರುಗಳ ಸ್ಲೈಡು ತಿದ್ದುವುದು, ಹಿಮ ಬಿದ್ದ ದಿನ ಬರ್ನಡೆಟ್ ಕಾರಿನ ಗಾಜು ಕೆರೆಯುವುದು ಇವೆಲ್ಲ ಅವನ ನಿತ್ಯದ ಕೆಲಸ. ಅರ್ಜಿಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಜನವರಿಯ ಸಂದರ್ಶನಕ್ಕೆ ಎಮೆಟ್ ಮೊಲಗಳನ್ನು ಬಾಯಿಪಾಠ ಮಾಡಿಕೊಂಡು ಹೋದ. ಮುಖ್ಯಸ್ಥ ಡಾಕ್ಟರ್ ಪೆಟಿಗ್ರೂ ಕೇಳಿದ್ದು ಒಂದೇ: "ಬೇಸಿಗೇಲಿ ನಮ್ಮ ಸಾಫ್ಟ್‌ಬಾಲ್ ತಂಡಕ್ಕೆ ಇರ್ತೀಯಲ್ಲ?" ಕಥೆ ಮುಗಿಯಿತೆಂದುಕೊಂಡು ಎಮೆಟ್ ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ಮಾರ್ಚಿನ ಒಂದು ಸೋಮವಾರ ಎಲ್ಲೋ ಒಂದು ಕಡೆ ಸೀಟಾಗಿದೆ ಎಂಬ ಸಂದೇಶ ಬಂತು. ಎಲ್ಲಿ ಎಂದು ಶುಕ್ರವಾರ ತಿಳಿಯಿತು: ಇಲ್ಲೇ! ಆರುನೂರು ಅರ್ಜಿ, ನಾಲ್ಕು ಸೀಟು, ಅದರಲ್ಲೊಂದು ಅವನದು. ಮೊಲಗಳು ಗೆದ್ದವು ಎಂದು ಎಮೆಟ್ ತೀರ್ಮಾನಿಸಿದ. ಎದುರಾದ ವಿದ್ಯಾರ್ಥಿಗಳಿಗೆಲ್ಲ ಸಂಶೋಧನೆಯ ಪದವಿ ಮಾಡಿ ಎಂದು ಉಪದೇಶ ಶುರುಮಾಡಿದ. ಮೂವರು ಆಗಲೇ ಆ ಪದವಿಗೆ ಅರ್ಜಿ ತುಂಬುತ್ತಿದ್ದರು.

ಜೂನ್ ಮೂವತ್ತಕ್ಕೆ ಬರ್ನಡೆಟ್ ನಿವೃತ್ತಿ. ಕೇಕು ಕತ್ತರಿಸಿದ್ದಾಯಿತು. ಎಮೆಟ್ ಆ ಮೂವರನ್ನೂ ಕರೆದುಕೊಂಡು ಹೋಗಿ ಅವರೆದುರು ನಿಲ್ಲಿಸಿದ.

"ಮೇಡಂ, ಆಯ್ಕೆ ಮೀಟಿಂಗಲ್ಲಿ ನೀವೇ ಇದ್ರಲ್ಲ. ನನ್ನ ಪದವಿಯಿಂದ ಎಷ್ಟು ಉಪಯೋಗ ಆಯ್ತು, ಇವ್ರಿಗೊಂದು ಮಾತು ಹೇಳಿ."

ಪಕ್ಕದಲ್ಲಿದ್ದ ಪೆಟಿಗ್ರೂ ತಮ್ಮ ತಟ್ಟೆಯ ಕೇಕನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಹೇಳ್ಬಾರ್ದು," ಎಂದರು ಬರ್ನಡೆಟ್, "ನಾಳೆಯಿಂದ ನಾನಿಲ್ಲಿರಲ್ಲ, ಅದಕ್ಕೆ ಹೇಳ್ತೀನಿ. ನಿನ್ನ ಪದವಿ ಇರೋ ಪುಟಕ್ಕೆ ಬರೋಷ್ಟ್ರಲ್ಲಿ ಸ್ಯಾಂಡ್‌ವಿಚ್ ಬಂತು. ಆಮೇಲೆ ಆ ಪುಟ ಯಾರೂ ತೆಗೀಲಿಲ್ಲ. 'ಎರಡು ವರ್ಷ ಸಹಿಸಿದ್ದೀವಿ, ಇನ್ನೈದು ವರ್ಷ ಸಹಿಸ್ಬಹುದು' ಅಂದ್ರು, ಮುಂದಿನ ಹೆಸರಿಗೆ ಹೋದ್ರು."