ಹುಣಸೆಹಣ್ಣಿನಲ್ಲಿ ತಿಕ್ಕಿದ ಕಾಲಾಣೆ

ಸಿರುಗುಪ್ಪದ ಗೆಳೆಯನಿಗೆ ಕುರುಗೋಡಿನಲ್ಲಿ ಸಿಕ್ಕಿದ್ದ ಬ್ರಿಟಿಷರ ಕಾಲದ ಕಾಲಾಣೆಯ ಮೇಲೆ ನಾಣ್ಯ ಸಂಗ್ರಹಿಸುವ ನನ್ನ ಕಣ್ಣಿತ್ತು. ಟಂಕಸಾಲೆಯ ತಪ್ಪಿನಿಂದ ಅದರ ಎರಡೂ ಬದಿಗೆ ರಾಜನ ಮುಖ ಬಿದ್ದಿತ್ತು. ಒಂದು ಉಬ್ಬಿದ್ದು, ಇನ್ನೊಂದು ಒಳಗೆ ತಗ್ಗಿದ್ದು. ಬಳ್ಳಾರಿಯಲ್ಲಿ ಎಷ್ಟು ಹುಡುಕಿದರೂ ನನಗೆ ಅಂಥದ್ದು ಸಿಕ್ಕಿರಲಿಲ್ಲ.

ದೀಪಾವಳಿಗೆ ಅವನ ಮನೆಗೆ ಹೋದಾಗ ಅದು ಲಕ್ಷ್ಮಿಯ ಮುಂದೆ ಥಳಥಳ ಹೊಳೆಯುತ್ತಿತ್ತು. ಪೂಜೆಗೆ ಇಡಲೆಂದು ಅವನ ಹೆಂಡತಿ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಹಳೆಯ ಕಂದು ಬಣ್ಣ ಹೋದರೆ ಸಂಗ್ರಾಹಕರು ಅಂಥ ನಾಣ್ಯವನ್ನು ಮೂಸಿಯೂ ನೋಡುವುದಿಲ್ಲ. ನನಗೆ ಹಿತವಾಯಿತು.

“ಹಾಳಾತಲ್ಲಲೇ,” ಎಂದೆ. ನೆನಪಿನಲ್ಲಿ ನನ್ನ ದನಿ ಮರುಕದಿಂದ ಕೂಡಿದೆ. ಆ ನೆನಪನ್ನು ನಾನು ನಂಬುವುದಿಲ್ಲ.

“ತಿಕ್ಕಿದ್ರ ಮುಖ ಹೋಕ್ಕೈತೇನಲೇ? ಈಗ ಗಡ್ಡಾನೂ ಕಾಣ್ತೈತಿ, ನೋಡು,” ಎಂದು ಅವನು ನಕ್ಕ.

ನೋಡಿದೆ. ತಗ್ಗಿನ ಮುಖದಲ್ಲಿ ಗಡ್ಡದ ಒಂದೊಂದು ಎಳೆಯೂ ಕಾಣುತ್ತಿತ್ತು. ಆ ಕಾಲಾಣೆ ಈಗಲೂ ನನ್ನದಲ್ಲ.